ಎಕ್ಸ್‌ಚೇಂಜ್ ಆದ ಮಾಲಿಗೆ ರಿಟರ್ನ್ ಇಲ್ಲ

ನೇಸರಗಿಯ ದೇವಕ್ಕನ ಮನೆಯಲ್ಲಿ ಸೊಸೆಯ ಚಹಾಕ್ಕೆ ಎಷ್ಟು ಸಕ್ಕರೆ ಬೀಳಬೇಕು ಎಂಬುದು ರಾಮದುರ್ಗದಲ್ಲಿ ತೀರ್ಮಾನವಾಗುತ್ತಿತ್ತು.

ಕಾರಣ, ಅದಲಬದಲ ಲಗ್ನ. ದೇವಕ್ಕನ ಮಗ ಅರ್ಜುನನಿಗೆ ರಾಮದುರ್ಗದ ಉಳವಪ್ಪನ ಮಗಳು ಮಾಯವ್ವನನ್ನು ತಂದಿದ್ದರು. ಆ ಉಳವಪ್ಪನ ಮಗ ವಿಜಯನಿಗೆ ದೇವಕ್ಕನ ಮಗಳು ಮಂಜುಳಾಳನ್ನು ಕೊಟ್ಟಿದ್ದರು. ಒಂದೇ ಹಂದರ, ಒಂದೇ ಮುಹೂರ್ತ, ಒಂದೇ ವಾಲಗ. ಹೆಣ್ಣು ಕೊಡು, ಹೆಣ್ಣು ತಗೋ. ವರದಕ್ಷಿಣೆಯ ಸೋಂಕಿಲ್ಲದ ಆದರ್ಶ ವಿವಾಹ ಎಂದು ಹಂದರದಲ್ಲಿ ಒಬ್ಬ ಹಿರಿಯರು ಮೈಕ್ ಹಿಡಿದು ಹೊಗಳಿದ್ದರು. ಹೊಗಳಿದವರ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ.

ಅಂದಿನಿಂದ ಎರಡು ಮನೆಗಳ ನಡುವೆ ಕಣ್ಣಿಗೆ ಕಾಣದ ಒಂದು ತಕ್ಕಡಿ ತೂಗುತ್ತಿತ್ತು. ಅಲ್ಲಿ ಹೆಂಗೋ ಇಲ್ಲಿ ಹಂಗ. ಉಳವಪ್ಪ ಪಂಚಮಿಗೆ ಸೊಸೆಯನ್ನು ತವರಿಗೆ ಕಳಿಸಿದರೆ ದೇವಕ್ಕ ತನ್ನ ಸೊಸೆಯನ್ನು ಕಳಿಸಬೇಕು. ಅಲ್ಲಿ ಸೀರೆ ಬಂದರೆ ಇಲ್ಲಿ ಸೀರೆ. ಅಲ್ಲಿ ಮುನಿಸು ಬಂದರೆ ಇಲ್ಲಿ ಮುನಿಸು. ಒಮ್ಮೆ ರಾಮದುರ್ಗದಲ್ಲಿ ವಿಜಯ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಂಜುಳಾಳಿಗೆ ಬೈದ. ಸುದ್ದಿ ಫೋನಿನಲ್ಲಿ ನೇಸರಗಿಗೆ ಬಂತು. ಆಗ ಅರ್ಜುನ ಊಟಕ್ಕೆ ಕುಳಿತಿದ್ದ.

"ಅಲ್ಲಿ ನನ್ನ ಮಗಳಿಗೆ ಬೈದಾನ. ನೀ ಏನ ಬಾಯಾಗ ಕಡಬ ಇಟಗೊಂಡ ಕುಂತೀಯೇನ? ಬೈಯಿ ನಿನ್ನ ಹೇಣ್ತಿಗೆ," ಎಂದಳು ದೇವಕ್ಕ.

"ಸಾರ ಚಲೋ ಆಗೈತಿ ಬೇ."

"ಸಾರಿಗೂ ಇದಕ್ಕೂ ಏನ ಸಂಬಂಧ? ಲೆಕ್ಕ ಅಂದ್ರ ಲೆಕ್ಕ."

ಅರ್ಜುನ ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಗೆ ಬೈದ. ಒಳಗೆ ಕುಳಿತ ಅವ್ವನಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಬೈದ. ಅಲ್ಲೇ ಭಾಂಡೆ ತಿಕ್ಕುತ್ತಿದ್ದ ಮಾಯವ್ವ, "ರೀ, ಸ್ವಲ್ಪ ಸಾವಕಾಶ. ಸಂಜಿಗೆ ಹಾಲ ಕೊಡಲಿಲ್ಲಂದ್ರ ಮತ್ತ ನನ್ನ ಮ್ಯಾಲೆ ಬರತೈತಿ," ಎಂದಳು.

ಅರ್ಜುನ ಕೆಟ್ಟವನಲ್ಲ. ಆದರೆ ಕೆಟ್ಟವನಲ್ಲದೆ ಇರುವುದೇ ದೊಡ್ಡ ಕೆಲಸವೆಂದು ಅವನು ತಿಳಿದಿದ್ದ.

ಹೀಗಿರುವಾಗ ದೇವಕ್ಕನ ಮಿಕ್ಸರ್ ಸುಟ್ಟಿತು. ಬೈಲಹೊಂಗಲದ ಬಜಾರಿನಲ್ಲಿ ನಿಜಾಮಸಾಬನ ಅಂಗಡಿಯ ಮುಂದೆ ದೊಡ್ಡ ಬ್ಯಾನರ್ ಕಟ್ಟಿದ್ದರು: ಎಕ್ಸ್‌ಚೇಂಜ್ ಮೇಳ, ಹಳೆಯದು ತನ್ನಿ, ಹೊಸದು ಒಯ್ಯಿರಿ. ಮಾಯವ್ವ ಸುಟ್ಟ ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಅಂಗಡಿಯ ಅರ್ಧ ಜಾಗವನ್ನು ಹಳೆಯ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಒಲೆ, ಹೊಟ್ಟೆಯುಬ್ಬಿದ ಟೀವಿಗಳ ಗುಡ್ಡ ಆಕ್ರಮಿಸಿತ್ತು.

ನಿಜಾಮಸಾಬ ಚೀಲದಲ್ಲಿ ಇಣುಕಿ, "ಇದಕ್ಕೇನ ಬರೂದಿಲ್ಲ ತಂಗಿ. ಇದು ಸುಟ್ಟ ಮಾಲ," ಎಂದ.

"ಸುಟ್ಟಿದ್ದು ಮೋಟರ್‌ ರೀ ಕಾಕಾ. ಭಾಂಡೆ ಎಲ್ಲಾ ಸ್ಟೀಲಿನ್ವು, ಮುಚ್ಚಳ ಗಟ್ಟಿ ಅದಾವು. ನೀವು ಇವನ್ನ ಬ್ಯಾರೆ ತಗದ ಮಾರತೀರಿ."

"ಯಾರ ಹೇಳಿದ್ರು?"

"ನಿಮ್ಮ ಹಿಂದಿನ ಮಾಡದಾಗ ಮಿಕ್ಸರ ಇಲ್ಲದ ಬರೇ ಭಾಂಡೆ ಸಾಲಾಗಿ ಕುಂತಾವ ನೋಡ್ರಿ. ಅವು ತಾವಾಗೇ ನಡಕೊಂಡ ಬಂದಾವೇನ್ರಿ?"

ನಿಜಾಮಸಾಬ ನಕ್ಕುಬಿಟ್ಟ. ಮಾಯವ್ವ ತನ್ನ ವ್ಯವಹಾರ ಮುಗಿಸಿದಳು. ಹಾಗೆಯೇ ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಪೆಚ್ಚಾಗಿ ನಿಂತಿದ್ದ ಒಬ್ಬ ಮುದುಕಿಯ ವ್ಯವಹಾರವನ್ನೂ ಮುಗಿಸಿಕೊಟ್ಟಳು. ಕೌಂಟರಿನಲ್ಲಿ ಕುಳಿತಿದ್ದ ನಿಜಾಮಸಾಬನ ಮಗಳು ಕೌಸರ್ ಇದನ್ನೆಲ್ಲ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು.

"ಅಬ್ಬಾ," ಎಂದಳು, "ಇಕಿ ಕೌಂಟರಿನ ಆ ಕಡೆ ನಿಂತ್ರ ನಾವು ಅಂಗಡಿ ಮುಚ್ಚಬೇಕಾಗತೈತಿ. ಈ ಕಡೆ ತಂದು ಕುಂದರಸೋದ ಚಲೋ."

ಕೌಸರ್‌ಗೆ ಧಾರವಾಡದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ದೀಪಾವಳಿ ಮುಗಿದ ಮೇಲೆ ಅವಳು ಹೊರಡುವವಳು. ಕುರ್ಚಿಗೆ ಒಬ್ಬರು ಬೇಕಿತ್ತು. ನಿಜಾಮಸಾಬನ ತಂಗಿಯ ಮಗ ಸರ್ಫರಾಜ ಆ ಕುರ್ಚಿಯ ಮೇಲೆ ಆಗಲೇ ಕಣ್ಣಿಟ್ಟಿದ್ದ. ಕಣ್ಣು ಫೋನಿನಿಂದ ಎದ್ದಾಗ ಮಾತ್ರ. ಆದರೆ ಮಾಯವ್ವ ದೀಪಾವಳಿಯೊಳಗೆ ಅಂಗಡಿಯ ಮಾತು ಕಲಿತರೆ ಕುರ್ಚಿ ಅವಳದೇ ಎಂದು ನಿಜಾಮಸಾಬ ಮಾತು ಕೊಟ್ಟ.

ಅಂಗಡಿಯ ಮಾತೆಂದರೆ ಇಂಗ್ಲಿಷ್ ಮಾತು. ವಿನಿಮಯ ಎಂಬ ಶಬ್ದವನ್ನು ಮಾಯವ್ವ ಸಾಲಿಯ ಪುಸ್ತಕದಲ್ಲಿ ಓದಿದ್ದಳು. ಆಮೇಲೆ ಮನುಷ್ಯರ ಬಾಯಲ್ಲಿ ಅದನ್ನು ಕೇಳಿರಲಿಲ್ಲ. ಬಜಾರಿಗೆ ಬಂದ ಒಕ್ಕಲುತನದ ಮುದುಕನೂ ಎಕ್ಸ್‌ಚೇಂಜ್ ಐತೇನ್ರಿ ಎಂದೇ ಕೇಳುತ್ತಿದ್ದ. ಕಂಪನಿಯವರು ಫೋನ್ ಮಾಡಿದರೆ ಆಫರ್, ರಿಫಂಡ್, ರಿಪ್ಲೇಸ್‌ಮೆಂಟ್ ಎಂದು ಮಳೆ ಸುರಿಸುತ್ತಿದ್ದರು. ಆ ಮಳೆಯಲ್ಲಿ ಕೊಡೆ ಹಿಡಿಯಬಲ್ಲವರಿಗೆ ಕುರ್ಚಿ.

ಮಾಯವ್ವನಿಗೆ ಆ ಕುರ್ಚಿ ಬೇಕೇ ಬೇಕೆನಿಸಿತು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಅವಳ ಮಾತು ತಕ್ಕಡಿಯಲ್ಲಿ ಯಾವತ್ತೂ ಬಿದ್ದಿರಲಿಲ್ಲ. ಅವಳೇ ತಕ್ಕಡಿಯಲ್ಲಿ ಬಿದ್ದಿದ್ದಳು. ಇಲ್ಲಿ ಮಾತ್ರ ಅವಳು ಹೇಳಿದ್ದಕ್ಕೆ ಒಬ್ಬ ವ್ಯಾಪಾರಿ ತಲೆಯಾಡಿಸಿ ಹೌದೆಂದಿದ್ದ. ದಿನವೂ ಮಧ್ಯಾಹ್ನ ಬೈಲಹೊಂಗಲಕ್ಕೆ ಹೋಗಿ ಕಲಿಯಬೇಕು. ಅದಕ್ಕೆ ದೇವಕ್ಕನ ಅಪ್ಪಣೆ ಬೇಕು.

ಅವಳು ಮಂಜುಳಾಳಿಗೆ ಫೋನ್ ಮಾಡಿದಳು. ಇಬ್ಬರೂ ಒಬ್ಬರಿಗೊಬ್ಬರು ಅಣ್ಣನ ಹೆಂಡತಿ. ಆದ್ದರಿಂದ ಇವಳಿಗೆ ಅವಳು ವೈನಿ, ಅವಳಿಗೆ ಇವಳು ವೈನಿ.

"ವೈನಿ, ನಿಮ್ಮ ಹೆಸರಿನ್ಯಾಗ ಒಂದ ಸುಳ್ಳ ಹೇಳಲ್ಯಾ?"

"ಹೇಳ್ರಿ ವೈನಿ. ನಿಮ್ಮ ಹೆಸರಿನ್ಯಾಗ ನಾನೂ ಒಂದ ಹೇಳತೇನಿ. ನನಗೂ ಕಂಪ್ಯೂಟರ್ ಕ್ಲಾಸಿಗೆ ಹೋಗೂದೈತಿ."

ಮರುದಿನ ಮುಂಜಾನೆ ಮಾಯವ್ವ ರೊಟ್ಟಿ ಬಡಿಯುತ್ತ, ಗಾಳಿಗೆ ಹೇಳಿದಂತೆ ಹೇಳಿದಳು: "ರಾಮದುರ್ಗದಾಗ ನಮ್ಮ ಅಪ್ಪ ವೈನಿನ್ನ ಕಂಪ್ಯೂಟರ್ ಕ್ಲಾಸಿಗೆ ಹಚ್ಯಾನಂತ."

ದೇವಕ್ಕನ ಮುಖ ಅರಳಿತು. ತನ್ನ ಮಗಳು ಕಂಪ್ಯೂಟರ್ ಕಲಿಯುತ್ತಿದ್ದಾಳೆ! ಮರುಗಳಿಗೆಯೇ ಮುಖ ಬಾಡಿತು. ಬೀಗ ಉಳವಪ್ಪ ಸೊಸೆಗೆ ಇಷ್ಟು ಕೊಟ್ಟುಬಿಟ್ಟ. ಇನ್ನು ಕೊಡದೆ ಕುಳಿತರೆ ತನ್ನ ಮನೆತನದ ಮೂಗು?

"ನೀನೂ ಏನರ ಕಲಿ," ಎಂದಳು. "ನಾವೇನ ಕಡಿಮಿ ಮಂದಿ ಅಲ್ಲ."

ಮಾಯವ್ವ ಮಧ್ಯಾಹ್ನದ ಬಸ್ಸು ಹಿಡಿದಳು. ಅಷ್ಟರಲ್ಲಿ ಮಂಜುಳಾ ಮಾವನ ಮುಂದೆ ಚಹಾ ಇಟ್ಟು, ನೇಸರಗಿಯಲ್ಲಿ ನಿಮ್ಮ ಮಗಳನ್ನು ಇಂಗ್ಲಿಷ್ ಕ್ಲಾಸಿಗೆ ಕಳಿಸಿದ್ದಾರೆ ಎಂದಳು. ಉಳವಪ್ಪ ಮೀಸೆ ತೀಡಿಕೊಂಡು, "ಹಂಗಾದ್ರ ನೀ ಯಾಕ ಮನ್ಯಾಗ ಕುಂತಿ? ನಡಿ," ಎಂದ. ಹೀಗೆ ಬೆಳಿಗ್ಗೆ ಹೇಳಿದ ಸುಳ್ಳು ಸಂಜೆಯ ಹೊತ್ತಿಗೆ ಸತ್ಯವಾಯಿತು. ನಮ್ಮ ದೇಶದಲ್ಲಿ ದೊಡ್ಡವರ ಭಾಷಣಗಳಿಗೆ ಈ ಭಾಗ್ಯ ಒಮ್ಮೆಯೂ ಬಂದದ್ದಿಲ್ಲ.

ಕೌಸರ್ ಪಾಠ ಹೇಳುವ ರೀತಿ ಸರಳವಾಗಿತ್ತು. ಶಬ್ದ ಹೇಳುವಾಗ ಕೈಯಲ್ಲಿ ಒಂದು ವಸ್ತು ಇರಬೇಕು.

"ನಿನ್ನ ತಲಿ ಪಿನ್ನ ನನಗ ಕೊಡು. ನನ್ನ ಸೂಜಿ ನೀ ತಗೋ. ನಡುವ ರೊಕ್ಕ ಬರಲಿಲ್ಲ. ಇದಕ್ಕ ಸ್ವಾಪ್ ಅಂತಾರ."

"ಹಂಗಾದ್ರ ನನ್ನ ಲಗ್ನ ಸ್ವಾಪ್‌ ರೀ ಅಕ್ಕಾ."

ಕೌಸರ್ ಪಿನ್ನನ್ನು ಕೆಳಗಿಟ್ಟಳು. "ಹಂಗ ಅನಬಾರ್ದು. ಇವು ಸಾಮಾನಿನ ಶಬ್ದ. ಮನಶ್ಯಾರಿಗೆ ಹಚ್ಚಬಾರ್ದು."

"ನಾ ಎಲ್ಲಿ ಹಚ್ಚೇನಿ? ಹಚ್ಚಿದವರು ಹಂದರದಾಗ ಮೈಕ್ ಹಿಡಕೊಂಡಿದ್ರು. ಮುಂದ ಹೇಳ್ರಿ."

"ಹಳೇದ ಕೊಟ್ಟ, ಮ್ಯಾಲೆ ಸ್ವಲ್ಪ ಹಾಕಿ, ಹೊಸಾದ ಒಯ್ದ್ರ ಎಕ್ಸ್‌ಚೇಂಜ್. ಅವತ್ತ ಅಬ್ಬಾನ ಕೂಡ ನೀ ಮಾಡಿದೆಲ್ಲಾ, ಅದು ಬಾರ್ಗೇನ್."

"ಇಷ್ಟ ಚಂದ ಹೆಸರ ಐತೇನ್ರಿ ಅದಕ್ಕ? ನಮ್ಮತ್ತಿ ಅದಕ್ಕ ತಲಿ ತಿನ್ನೂದು ಅಂತಾಳ."

"ಇಬ್ಬರೂ ಒಪ್ಪಿದ್ರ ಡೀಲ್."

"ಒಬ್ಬರು ಒಪ್ಪಲಿಕ್ರ?"

"ಡೀಲ್ ಇಲ್ಲ."

"ಎಷ್ಟ ಸಸಾರ!" ಎಂದಳು ಮಾಯವ್ವ. ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಜಾಹೀರಾತಿನ ಹಾಳೆಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಕಂಡೀಷನ್ಸ್ ಅಪ್ಲೈ ಎಂದಿರುವುದನ್ನು ಕೌಸರ್ ತೋರಿಸಿದಾಗ, ಲಗ್ನಪತ್ರಿಕೆಯ ಕೆಳಗೂ ಇದನ್ನು ಅಚ್ಚು ಹಾಕಬೇಕಿತ್ತು ಎಂದು ಮಾಯವ್ವ ಹೇಳಿದಳು. ಗೋಡೆಯ ಮೇಲಿನ ಫಲಕವನ್ನಂತೂ ಅವಳು ಬಂದ ಗಿರಾಕಿಗಳಿಗೆಲ್ಲ ಓದಿ ಹೇಳುತ್ತಿದ್ದಳು: ಎಕ್ಸ್‌ಚೇಂಜ್ ಆದ ಮಾಲಿಗೆ ರಿಟರ್ನ್ ಇಲ್ಲ. ನಿಜಾಮಸಾಬ ಒಳಗಿನಿಂದಲೇ, "ಶಬ್ಬಾಶ್," ಎನ್ನುತ್ತಿದ್ದ. ಸರ್ಫರಾಜ ಫೋನಿನಿಂದ ಒಂದು ಕಣ್ಣು ಎತ್ತಿ, ಮತ್ತೆ ಇಳಿಸುತ್ತಿದ್ದ.

ಇತ್ತ ಇಬ್ಬರು ವೈನಿಯರ ದಂಧೆ ಭರದಿಂದ ನಡೆಯಿತು. ಅಲ್ಲಿ ಸೊಸೆ ಊಟಕ್ಕೆ ಎಲ್ಲರ ಜೊತೆಗೇ ಕೂರುತ್ತಾಳಂತೆ, ಇಲ್ಲಿಯೂ ಕೂತಳು. ಇಲ್ಲಿ ಏಕಾದಶಿಯ ದಿನ ಅರ್ಜುನನೇ ಚಹಾ ಮಾಡುತ್ತಾನಂತೆ. ಅಲ್ಲಿ ವಿಜಯ ಒಲೆಯ ಮುಂದೆ ನಿಂತು ಹಾಲು ಉಕ್ಕಿಸಿದ. ಅಲ್ಲಿ ಹೊಸ ಫೋನು, ಇಲ್ಲಿ ಹೊಸ ಫೋನು. ಆ ತಕ್ಕಡಿಯನ್ನು ಕಟ್ಟಿದವರು ಹೆಣ್ಣುಮಕ್ಕಳನ್ನು ಕಟ್ಟಿಹಾಕಲೆಂದೇ ಕಟ್ಟಿದ್ದರು. ಇವರು ಅದರ ಎರಡು ತಟ್ಟೆಗಳಲ್ಲಿ ಕುಳಿತು ಜೋಕಾಲಿ ಜೀಕತೊಡಗಿದರು.

ಆದರೆ ಜೋಕಾಲಿ ಆಡುವವರಿಗೆ ಕೊಂಬೆಯ ನೆನಪು ಇರುವುದಿಲ್ಲ. ದೀಪಾವಳಿಯ ಮುಂದಿನ ವಾರ ಮಂಜುಳಾಳ ಹೊಸ ಫೋನೇ ಕೆಟ್ಟು ರಿಪೇರಿಗೆ ಹೋಗಿತ್ತು. ಮಾತಾಡಿಕೊಳ್ಳಲಾಗಲಿಲ್ಲ. ಬಸ್ಸಿನ ನೂಕುನುಗ್ಗಲಿಗೆ ರೋಸಿಹೋಗಿದ್ದ ಮಾಯವ್ವ, ಕೇಳದೆಯೇ ಒಂದು ಹೆಜ್ಜೆ ಮುಂದಿಟ್ಟಳು: ರಾಮದುರ್ಗದಲ್ಲಿ ವೈನಿಗೆ ಸ್ಕೂಟಿ ಕೊಡಿಸಿದ್ದಾರಂತೆ. ಅದೇ ದಿನ ರಾಮದುರ್ಗದಲ್ಲಿ ಮಂಜುಳಾಳೂ ಕೇಳದೆಯೇ ಹೆಜ್ಜೆಯಿಟ್ಟಳು: ನೇಸರಗಿಯಲ್ಲಿ ಫ್ರಿಜ್ ತಂದಿದ್ದಾರಂತೆ.

ಸೀರೆಯ ಮಾತು ನಂಬಬಹುದು. ಸ್ಕೂಟಿ ಎಂದರೆ ವಿಚಾರಿಸಬೇಕಾದ ಮಾತು. ದೇವಕ್ಕ ನೇರವಾಗಿ ಬೀಗನಿಗೇ ಫೋನ್ ಹಚ್ಚಿದಳು.

"ಬೀಗರ, ನಮ್ಮ ಮಂಜಿಗೆ ಸ್ಕೂಟಿ ಕೊಡಿಸೀರಂತ. ಯಾವ ಬಣ್ಣದ್ದರಿ?"

ಆ ಕಡೆ ಉಳವಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಸ್ಕೂಟಿಯೂ ಇಲ್ಲ, ಗೀಟಿಯೂ ಇಲ್ಲ. ಆದರೆ ಬೀಗತಿಯ ಮುಂದೆ ಇಲ್ಲ ಎನ್ನುವುದೆಂದರೇನು? ಆತ ಗಂಟಲು ಸರಿಮಾಡಿಕೊಂಡು, "ಕೆಂಪ," ಎಂದ. "ಕುಂಕುಮದಂಥಾ ಕೆಂಪ. ಮತ್ತ ನಿಮ್ಮ ಫ್ರಿಜ್ ಹೆಂಗೈತ್ರಿ ಬೀಗತಿ?"

ದೇವಕ್ಕ ಮೂಲೆಯಲ್ಲಿದ್ದ ನೀರಿನ ಹರವಿಯತ್ತ ನೋಡಿದಳು. ಬೀಗ ಸ್ಕೂಟಿ ಕೊಡಿಸಿದ್ದಾನೆ, ಅದೂ ಕೆಂಪು.

"ಡಬ್ಬಲ್ ಡೋರ್," ಎಂದಳು. "ಬಾಗಲಾ ತಗದ್ರ ಒಳಗ ದೀಪ ಹತ್ತತೈತ್ರಿ."

"ನಮ್ಮ ಸ್ಕೂಟೀದೂ ದೀಪ ಹತ್ತತೈತಿ."

ಅಡುಗೆಮನೆಯಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಮಾಯವ್ವನಿಗೆ ನಗು ಮೊದಲು ಬಂತು, ಭಯ ಆಮೇಲೆ.

ಶನಿವಾರ ಉಳವಪ್ಪ ಹೇಳದೆ ಕೇಳದೆ ಬಸ್ಸಿಳಿದು ಬಂದ. ಹಾಗೆಯೇ ಈ ಕಡೆ ಬಂದಿದ್ದೆ ಎಂದ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಪಡಸಾಲೆಯಲ್ಲಿ ಕುಳಿತು ನಾಲ್ಕೂ ದಿಕ್ಕು ನೋಡಿದ.

"ಬಿಸಲ ಭಾಳ ಐತಿ. ಫ್ರಿಜ್ಜಿನ ನೀರ ಕೊಡ್ರಿ ಬೀಗತಿ."

"ಕೊಡೋಣಂತ. ಸ್ಕೂಟಿ ಮ್ಯಾಲೆ ಬರೂದ ಬಿಟ್ಟ ಬಸ್ಸಿಗೆ ಯಾಕ ಬಂದ್ರಿ ಬೀಗರ?"

"ಪಂಚರ್ ಆಗೈತಿ. ನೀರ?"

"ನಮ್ಮ ಫ್ರಿಜ್ಜೂ ರಿಪೇರಿಗೆ ಹೋಗೈತಿ."

"ಹೊಸಾದು?"

"ನಿಮ್ಮದೂ ಹೊಸಾದ ಅಲ್ಲೇನ್ರಿ ಸ್ಕೂಟಿ?"

ಹೀಗೇ ಬಿಟ್ಟಿದ್ದರೆ ಎರಡು ಮನೆತನದ ಮರ್ಯಾದೆಯೂ ಉಳಿದು, ಮುಂದಿನ ವಾರ ಒಂದು ಸ್ಕೂಟಿಯೂ ಒಂದು ಫ್ರಿಜ್ಜೂ ನಿಜವಾಗಿಯೇ ಬಂದುಬಿಡುತ್ತಿದ್ದವು. ಆದರೆ ಹೊಲದಿಂದ ಬಂದ ಅರ್ಜುನ ಕಾಲು ತೊಳೆಯುತ್ತ, "ಯಾವ ಫ್ರಿಜ್ ಬೇ?" ಎಂದ.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಸ್ಕೂಟಿಯಿಂದ ಫೋನಿಗೆ, ಫೋನಿನಿಂದ ಊಟದ ಪಂಕ್ತಿಗೆ, ಅಲ್ಲಿಂದ ಮೊದಲನೆಯ ಕ್ಲಾಸಿಗೆ. ಸುಳ್ಳು ಹೇಳಿದವರು ನಾಲ್ವರು. ತಪ್ಪಿತಸ್ಥರು ಮಾತ್ರ ಇಬ್ಬರೇ ಆದರು, ಮತ್ತು ಇಬ್ಬರೂ ಸೊಸೆಯಂದಿರು.

"ನಿಮ್ಮ ಮಗಳನ್ನ ನೀವ ಒಯ್ರಿ. ನಮ್ಮಾಕಿನ್ನ ನಮಗ ಕಳಸ್ರಿ," ಎಂದಳು ದೇವಕ್ಕ.

"ಒಯ್ತೇನಿ. ಏಳ ಮಾಯವ್ವ."

"ಹಾಂ! ಅದೆಂಗ? ನನ್ನ ಮಗಳು ಬಂದ ಈ ಹೊಸ್ತಿಲಾ ದಾಟೂ ಮಟಾ ಇಕಿ ಏಳೂದಿಲ್ಲ."

"ನಿಮ್ಮಾಕಿನ್ನ ಮೊದಲ ಕಳಿಸಿ ನಾ ಬಾಯಿ ತಕ್ಕೊಂಡ ಕುಂದರ್ಲ್ಯಾ?"

ಕೊನೆಗೆ ಒಪ್ಪಂದವಾಯಿತು. ಸೋಮವಾರ ಮುಂಜಾನೆ ಯರಗಟ್ಟಿ ಬಸ್‌ಸ್ಟ್ಯಾಂಡಿಗೆ ಅವರು ಅಲ್ಲಿಂದ ಬರಬೇಕು, ಇವರು ಇಲ್ಲಿಂದ ಬರಬೇಕು. ಎರಡು ಊರಿನ ನಡುವಿನ ಜಾಗದಲ್ಲಿ, ಏಕಕಾಲಕ್ಕೆ, ಕೊಟ್ಟು ತೆಗೆದುಕೊಳ್ಳುವುದು.

ಆ ಸೋಮವಾರವೇ ಕೌಸರ್ ಮಧ್ಯಾಹ್ನದ ಬಸ್ಸಿಗೆ ಧಾರವಾಡಕ್ಕೆ ಹೊರಡುವವಳು. ಅಷ್ಟರೊಳಗೆ ಮಾಯವ್ವ ಬಂದು ಕುರ್ಚಿಯಲ್ಲಿ ಕೂರಬೇಕು. ಇಲ್ಲದಿದ್ದರೆ ಸರ್ಫರಾಜ ಕೂರುತ್ತಾನೆ. ರಾಮದುರ್ಗದ ತವರಿಗೆ ಹೋಗಿ ಕುಳಿತರೆ ಬೈಲಹೊಂಗಲದ ಕುರ್ಚಿ ಕನಸು.

ಮಾಯವ್ವ ಹಿತ್ತಲಲ್ಲಿ ಗಂಡನನ್ನು ಹಿಡಿದಳು. "ನೀವ ಏನರ ಅಂತೀರೇನ್ರಿ?"

"ನಾ ಏನ ಅನ್ನಲಿ? ಲೆಕ್ಕ ಹಂಗೈತಿ."

"ಎಮ್ಮಿಗರ ಏನರ ಹೇಳ್ರಿ," ಎಂದು ಅವಳು ಒಳಗೆ ಹೋಗಿ ಟ್ರಂಕು ತುಂಬಿದಳು.

ಸೋಮವಾರ ಯರಗಟ್ಟಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನ ಒಂದು ಕಂಬದ ಬಳಿ ದೇವಕ್ಕ, ಮಾಯವ್ವನ ಟ್ರಂಕು ಹೊತ್ತ ಅರ್ಜುನ. ಇನ್ನೊಂದು ಕಂಬದ ಬಳಿ ಉಳವಪ್ಪ, ಮಂಜುಳಾಳ ಬ್ಯಾಗು ಹಿಡಿದ ವಿಜಯ. ನಡುವೆ ಸಿಮೆಂಟಿನ ಕಟ್ಟೆ. ಆ ಕಟ್ಟೆಯ ಮೇಲೆ ಇಬ್ಬರು ವೈನಿಯರು ಅಕ್ಕಪಕ್ಕ ಕುಳಿತು ಕಬ್ಬಿನ ಹಾಲು ಕುಡಿಯುತ್ತಿದ್ದರು.

"ನೀವ ಮೊದಲ ಬಿಡ್ರಿ," ಎಂದ ಉಳವಪ್ಪ.

"ನೀವ ಮೊದಲ ಬಿಡ್ರಿ."

"ಹೆಂಗಸರು ಮೊದಲ."

"ವಯಸ್ಸಿನ್ಯಾಗ ಹಿರ್ಯಾರು ಮೊದಲ."

ಉಳ್ಳಾಗಡ್ಡಿ ಚೀಲದ ಮೇಲೆ ಕುಳಿತಿದ್ದ ಒಬ್ಬ ಅಪರಿಚಿತನಿಗೆ ಇದನ್ನು ನೋಡಲಾಗಲಿಲ್ಲ. "ಒಂದ, ಎರಡ, ಮೂರ ಅಂತೇನಿ. ಇಬ್ಬರೂ ಒಮ್ಮೆಲೇ ಬಿಡ್ರಿ. ಯಾರಿಗೂ ಲುಕ್ಸಾನಿಲ್ಲ," ಎಂದ.

"ನೀ ಸುಮ್ನಿರಪಾ. ಇದು ಹೆಣ್ಣಮಕ್ಕಳ ವಿಷಯ," ಎಂದು ಉಳವಪ್ಪ ಗದರಿದ.

ಆ ಹೆಣ್ಣುಮಕ್ಕಳನ್ನು ಯಾರೂ ಏನೂ ಕೇಳಲಿಲ್ಲ.

ಮಾಯವ್ವ ಒಮ್ಮೆ ಪ್ರಯತ್ನಿಸಿ ನೋಡಿದಳು. "ಅತ್ತಿ, ನಮ್ಮ ಅಂಗಡ್ಯಾಗ ಬೋರ್ಡ್ ಐತ್ರಿ. ಎಕ್ಸ್‌ಚೇಂಜ್ ಆದ ಮಾಲಿಗೆ ರಿಟರ್ನ್ ಇಲ್ಲ."

"ಬಾಯಿ ಮುಚ್ಚ," ಎಂದಳು ದೇವಕ್ಕ. "ಇಂಗ್ಲಿಷ್ ಕಲತ ಹಿಂಗ ಆಗೈತಿ."

ಮಂಜುಳಾ ಲೋಟದ ತಳದ ಬರ್ಫ ಅಲ್ಲಾಡಿಸುತ್ತ ಮೆಲ್ಲಗೆ ಕೇಳಿದಳು. "ವೈನಿ, ನಿಮ್ಮ ಕುರ್ಚಿ?"

"ಮಧ್ಯಾಹ್ನಕ್ಕ ಸರ್ಫರಾಜಂದು. ನಿಮ್ಮ ಕ್ಲಾಸು?"

"ನಾಳಿ ಪರೀಕ್ಷಾ. ಇವ್ರು ಹಿಂಗ ಕುಂತ್ರ ನಾ ನೇಸರಗ್ಯಾಗ ಶಾವಿಗಿ ಹೊಸಕೋತ ಕುಂದರಬೇಕು." ಬರ್ಫ ಬಾಯಿಗೆ ಹಾಕಿಕೊಂಡು, "ಮತ್ತೊಂದ ಸುಳ್ಳ ಹೇಳೋಣೇನ್ರಿ?" ಎಂದಳು.

ಮಾಯವ್ವ ಬೇಡವೆಂದು ತಲೆಯಾಡಿಸಿದಳು. ಅವಳು ಬೇರೇನೋ ಯೋಚಿಸುತ್ತಿದ್ದಳು. ಇಷ್ಟು ದಿನ ಬಂದದ್ದೆಲ್ಲ ಯಾರೋ ಕೊಟ್ಟದ್ದು. ಅಲ್ಲಿ ಕೊಟ್ಟರೆ ಇಲ್ಲಿ ಕೊಡಬೇಕು. ಅಲ್ಲಿ ಕಸಿದುಕೊಂಡರೆ ಇಲ್ಲಿ ಕಸಿದುಕೊಳ್ಳಬೇಕು. ಆ ತಕ್ಕಡಿಗೆ ಕೊಡುವವರ ಕೈ ಮಾತ್ರ ಗೊತ್ತು. ಯಾರೂ ಕೊಡದೆ ತಾನೇ ತೆಗೆದುಕೊಂಡದ್ದನ್ನು ಅದು ಯಾವ ತಟ್ಟೆಗೆ ಹಾಕಿಕೊಂಡೀತು?

ಅಷ್ಟರಲ್ಲಿ ಬಂದು ನಿಂತ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಂಡಕ್ಟರ್ ಕೂಗಿದ. "ಮುರಗೋಡ, ಬೈಲಹೊಂಗಲ! ಯಾರ್ರಿ ಬೈಲಹೊಂಗಲ?"

"ನಾನ್ರೀ," ಎಂದು ಮಾಯವ್ವ ಎದ್ದಳು.

ಎರಡು ಕಂಬಗಳೂ ಒಮ್ಮೆಲೇ ತಿರುಗಿದವು.

"ಎಲ್ಲಿಗೆ?" ಎಂದಳು ದೇವಕ್ಕ.

"ಕೆಲಸಕ್ಕ. ಸಂಜಿ ಬಸ್ಸಿಗೆ ಮನಿಗೆ ಬರತೇನ್ರಿ ಅತ್ತಿ. ರೊಟ್ಟಿ ಬಂದ ಬಡೀತೇನಿ."

"ಯಾರ ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ಲ."

ಉಳವಪ್ಪ ಮುಂದೆ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು. "ಅಲ್ಲವಾ, ನೀ ಹಿಂಗ ಹೋದ್ರ ನಾ ನನ್ನ ಸೊಸಿಗೆ ಏನ ಕೊಡಬೇಕು?"

"ಏನೂ ಕೊಡಬ್ಯಾಡಪ್ಪಾ. ನನಗೂ ಯಾರೂ ಏನೂ ಕೊಟ್ಟಿಲ್ಲ."

ಉಳವಪ್ಪ ದೇವಕ್ಕನ ಕಡೆ ನೋಡಿದ. "ನೀವ ಕಳಿಸೀರೇನ್ರಿ ಬೀಗತಿ?"

"ನಾ ಯಾಕ ಕಳಸಲಿ? ನೀವ ಕಳಿಸೀರೇನ?"

"ಇಲ್ಲ."

"ಮತ್ತ?"

ಇಂಥದಕ್ಕೆ ಹಿಂದಿನವರು ಯಾರೂ ಲೆಕ್ಕ ಹೇಳಿಟ್ಟು ಹೋಗಿರಲಿಲ್ಲ. ಮಾಯವ್ವ ಬಸ್ಸು ಹತ್ತಿ ಆಧಾರ್ ಕಾರ್ಡ್ ತೋರಿಸಿದಳು. ಕಂಡಕ್ಟರ್ ಹೆಂಗಸರ ಬಿಟ್ಟಿ ಚೀಟಿ ಹರಿದು ಕೊಟ್ಟ. ಗಂಡನ ಕಿಸೆಯನ್ನೂ ಅತ್ತೆಯ ಸಂಚಿಯನ್ನೂ ಕೇಳಬೇಕಾಗಲಿಲ್ಲ.

ಕಟ್ಟೆಯ ಮೇಲಿದ್ದ ಮಂಜುಳಾ ಲೋಟ ತಿರುಗಿಸಿ ಇಟ್ಟು ಎದ್ದು, ರಾಮದುರ್ಗದ ಬಸ್ಸಿನತ್ತ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ವಿಜಯನಿಗೆ, "ಬ್ಯಾಗ್ ಕೊಡ್ರಿ. ಅದರಾಗ ಹಾಲ್‌ಟಿಕೆಟ್ ಐತಿ. ನೀವೂ ಬರತೀರೋ, ಇಲ್ಲಾ ಇಲ್ಲೇ ಕಂಬ ಕಾಯ್ತೀರೋ?" ಎಂದಳು.

ವಿಜಯ ಅಪ್ಪನ ಮುಖ ನೋಡಿದ, ಹೆಂಡತಿಯ ಬೆನ್ನು ನೋಡಿದ. ಬೆನ್ನು ದೂರ ಹೋಗುತ್ತಿತ್ತು. ಓಡಿದ.

ಬೈಲಹೊಂಗಲದ ಬಸ್ಸು ಮಿಸುಕಿತು. ಟ್ರಂಕು ಇನ್ನೂ ಅರ್ಜುನನ ತಲೆಯ ಮೇಲೆಯೇ ಇತ್ತು.

"ಟ್ರಂಕ್ ಕೆಳಗಿಡೋ," ಎಂದಳು ದೇವಕ್ಕ. "ಹೋಗೋರು ಹೋಗಲಿ."

"ಅದರಾಗ ಅಕೀ ಸೀರಿ-ಅರಬಿ ಅದಾವ ಬೇ."

"ಇರಲಿ!"

ಅರ್ಜುನ ಬಸ್ಸಿನತ್ತ ನೋಡಿದ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಎಮ್ಮೆಯ ಕಡೆ ತಿರುಗದೆ ಅವ್ವನ ಕಡೆಗೇ ತಿರುಗಿ ಹೇಳಿದ: "ಇರಲಿ ಅಂದ್ರ ಹೆಂಗ ಬೇ? ಅಕಿ ಎಲ್ಲಿ ಇರತಾಳೋ ಅಲ್ಲಿ ಇರಬೇಕು ಅವು." ಟ್ರಂಕು ಕುಣಿಸುತ್ತ ಓಡಿ ಬಸ್ಸಿನ ಬಾಗಿಲಲ್ಲಿ ತೂರಿಸಿ, ತಾನೂ ತೂರಿಕೊಂಡ.

"ನಿಮ್ಮ ಟಿಕೆಟ್?" ಎಂದ ಕಂಡಕ್ಟರ್.

"ನಾ ಅಕೀ ಗಂಡ."

"ಗಂಡರಿಗೆ ಫ್ರೀ ಇಲ್ರಿ. ರೊಕ್ಕ ತಗೀರಿ."

ಮಾಯವ್ವ ಕಿಟಕಿಯ ಹೊರಗೆ ನೋಡುತ್ತ ನಗುತ್ತಿದ್ದಳು. ಅವಳು ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಮುರಗೋಡ ಬರುವವರೆಗೂ ಅವನು ನಿಂತೇ ಬಂದ. ಅದಾದ ಮೇಲೆ ಎತ್ತಿಕೊಂಡಳು.

ಯರಗಟ್ಟಿಯಲ್ಲಿ ಕೊಡಲಿಕ್ಕೂ ಇಸಿದುಕೊಳ್ಳಲಿಕ್ಕೂ ಏನೂ ಉಳಿಯದ ಇಬ್ಬರು ಬೀಗರು ಅದೇ ಕಟ್ಟೆಯ ಮೇಲೆ ಕುಳಿತರು. ಉಳವಪ್ಪ ಎರಡು ಕಬ್ಬಿನ ಹಾಲು ಹೇಳಿದ. ದೇವಕ್ಕ ಕುಡಿದು ಮುಗಿಸಿ, ಕೂಡಲೇ ತಾನೂ ಎರಡು ಹೇಳಿದಳು. ಉಳ್ಳಾಗಡ್ಡಿ ಚೀಲದವನು ಅವರು ಎಷ್ಟು ಹೊತ್ತು ಕುಡಿಯುತ್ತಾರೋ ನೋಡೋಣವೆಂದು ಕಾದು, ತನ್ನ ಬಸ್ಸು ತಪ್ಪಿಸಿಕೊಂಡ.

ಅಂಗಡಿ ತಲುಪಿದಾಗ ಕೌಸರ್‌ನ ಬ್ಯಾಗು ಹೊಸ್ತಿಲಲ್ಲಿತ್ತು. ಕುರ್ಚಿಯಲ್ಲಿ ಸರ್ಫರಾಜ ಕಾಲು ಚಾಚಿ ಕುಳಿತು ಫೋನು ನೋಡುತ್ತಿದ್ದ.

"ತಡಾ ಮಾಡಿದಿ," ಎಂದ, ಕಣ್ಣೆತ್ತದೆ. "ಕುಂತವರದ ಕುರ್ಚಿ. ಎಬ್ಬಸಬ್ಯಾಡ ನೋಡು."

ಕೌಸರ್ ಬಾಯಿ ತೆರೆದಳು. ಮಾಯವ್ವ ಬೇಡವೆಂದು ಕೈ ಮಾಡಿ, ಸರ್ಫರಾಜನ ಫೋನಿನೊಳಗೆ ಇಣುಕಿದಳು.

"ಅಣ್ಣಾ, ಬ್ಯಾಟರಿ ಕೆಂಪ ಆಗೈತಿ."

"ಹೂಂ."

"ಈ ಕುರ್ಚಿ ಹಂತ್ಯಾಕ ಚಾರ್ಜರ್ ಹಚ್ಚಾಕ ಜಾಗಾ ಇಲ್ಲ. ಗಿರಾಕಿ ಬಂದ್ರ ಮಾತಾಡಬೇಕು, ಕಂಪನಿ ಫೋನ್ ಬಂದ್ರ ಇಂಗ್ಲಿಷ್ ಆಡಬೇಕು. ಅಲ್ಲಿ ಹಿಂದಿನ ಸ್ಟೂಲ್ ಫ್ಯಾನಿನ ಕೆಳಗೇ ಐತಿ. ಅಲ್ಲೇ ಚಾರ್ಜರ್, ಅಲ್ಲೇ ವೈಫೈ. ಯಾರೂ ಕರಿಯಂಗಿಲ್ಲ."

ಸರ್ಫರಾಜ ಮೊದಲ ಸಲ ಎರಡೂ ಕಣ್ಣೆತ್ತಿದ. ಸ್ಟೂಲನ್ನು ನೋಡಿದ. ಫ್ಯಾನನ್ನು ನೋಡಿದ. ಇವಳಿಗೆ ವ್ಯವಹಾರ ಗೊತ್ತಿಲ್ಲ, ಮೋಸಹೋಗುತ್ತಿದ್ದಾಳೆ ಎಂಬ ಅನುಮಾನ ಅವನ ಮುಖದಲ್ಲಿ ಮೂಡಿ, ಸಂತೋಷವಾಗಿ ಬದಲಾಯಿತು.

"ಆಮ್ಯಾಲ ವಾಪಸ್ ಕೇಳಬಾರ್ದು," ಎಂದ.

"ಕೇಳಂಗಿಲ್ಲ."

"ಡೀಲ್," ಎಂದು ಅವನು ಎದ್ದು ಹೋದ. ಒಳಗಿನಿಂದ ನಿಜಾಮಸಾಬನ ಕೆಮ್ಮು ಕೇಳಿಸಿತು; ಅದು ಕೆಮ್ಮಾಗಿರಲಿಲ್ಲ. ಕೌಸರ್ ಬ್ಯಾಗು ಎತ್ತಿಕೊಂಡು, ಏನೋ ಹೇಳಹೊರಟು, ಮಾಯವ್ವನ ಕೆನ್ನೆ ಹಿಂಡಿ ಬಸ್ಸಿಗೆ ಓಡಿದಳು. ಅರ್ಜುನ ಟ್ರಂಕನ್ನು ಹಳೆಯ ಟೀವಿಗಳ ಗುಡ್ಡದ ಪಕ್ಕ ಇಟ್ಟು, ಅದರ ಮೇಲೆ ಕುಳಿತ.

ಮಾಯವ್ವ ಕುರ್ಚಿಯಲ್ಲಿ ಕೂತು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ನೇಗಿನಹಾಳದ ಕಡೆಯವಳೊಬ್ಬಳು ಸುಟ್ಟ ಮಿಕ್ಸರನ್ನು ಮಗುವಿನಂತೆ ಎದೆಗವಚಿಕೊಂಡು ಒಳಗೆ ಬಂದಳು. ಹಿಂದೆ ಅವಳ ಅತ್ತೆ.

"ಎಕ್ಸ್‌ಚೇಂಜ್ ಐತೇನವಾ?" ಎಂದಳು ಅತ್ತೆ. "ಇದಕ್ಕ ಏನ ಕೊಡ್ತಿ ಹೇಳ. ನಮ್ಮ ಸೊಸಿಗೇನೂ ತಿಳೀಯಂಗಿಲ್ಲ, ನನ್ನ ಕೂಡ ಮಾತಾಡ."

"ಬರ್ರಿ ದೊಡ್ಡವ್ವಾ, ಕುಂದರ್ರಿ, ನೀರ ಕುಡೀರಿ," ಎಂದು ಮಾಯವ್ವ ಮಿಕ್ಸರಿನ ಮುಚ್ಚಳ ತೆಗೆದು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ನೀ ಹೇಳವಾ ತಂಗಿ. ದಿನಾ ಇದರ ಮುಂದ ನಿಂದ್ರಾಕಿ ನೀನು. ನಿನಗೆಂಥಾದ ಬೇಕು?"